ಮುಟ್ಟೋ, ಬಸಿರೋ, ಹೊಗೆಸೊಪ್ಪೋ?

ಜುಲೈ-ಆಗಸ್ಟ್‌ನಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹೊಲದ ಬದುವಿನಲ್ಲಿ ಹೆಣ್ಣುಮಗಳೊಬ್ಬಳು ತಲೆ ಹಿಡಿದುಕೊಂಡು ಕೂತು ಓಕರಿಸಿದರೆ, ಜೊತೆಯ ಆಳುಗಳು ಅದಕ್ಕೆ ಕೊಡುವ ಕಾರಣ ಒಂದೆರಡಲ್ಲ. ಮದುವೆಯಾಗಿ ಆರು ತಿಂಗಳಾದವಳಾದರೆ 'ಏನೋ ವಿಶೇಷ ಇರ್ಬೇಕು' ಎಂದು ನಗುತ್ತಾರೆ. ಎರಡು ಹೆತ್ತು ಆಪರೇಷನ್ ಮಾಡಿಸಿಕೊಂಡವಳಾದರೆ 'ಗ್ಯಾಸ್ಟ್ರಿಕ್ಕು, ಬೆಳಗ್ಗೆಯಿಂದ ಏನೂ ತಿಂದಿಲ್ಲ'. ದಿನ ಹತ್ತಿರ ಬಂದಿದ್ದರೆ 'ಹೊರಗಾಗ್ತೀಯ ಬಿಡು'. ಯಾವುದೂ ಹೊಂದದಿದ್ದರೆ ಉಷ್ಣ ಅನ್ನುವುದೊಂದು ಇದ್ದೇ ಇದೆ. ಇನ್ನೊಂದು ಕಾರಣ ಅವಳ ಕಂಕುಳಲ್ಲೇ ಇರುತ್ತದೆ: ರಾತ್ರಿಯ ಮಳೆಯಲ್ಲಿ ತೊಯ್ದ ವರ್ಜೀನಿಯಾ ತಂಬಾಕಿನ ಎಲೆ. ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.

ಲಕ್ಷಣಗಳನ್ನು ಎರಡು ಸಾಲು ಮಾಡಿ, ಇವು ಮುಟ್ಟಿನವು, ಅವು ಬಸಿರಿನವು ಎಂದು ವಿಂಗಡಿಸಿ ಕೊಡುವ ಬರಹಗಳಿಗೆ ಕೊರತೆಯಿಲ್ಲ. ಎದೆ ಬಿಗಿದರೆ ಹೀಗೆ, ಸೊಂಟ ನೊಂದರೆ ಹಾಗೆ. ಆ ಪಟ್ಟಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಈ ಬಗ್ಗೆ ನಡೆದಿರುವ ಒಳ್ಳೆಯ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಹೊರಡುವ ಮಾತೇ ಬೇರೆ. ತಿಂಗಳು ತಪ್ಪುವ ಮುಂಚೆ ಮೈ ಕೊಡುವ ಯಾವ ಸೂಚನೆಯಿಂದಲೂ ಎರಡನ್ನು ಬೇರ್ಪಡಿಸಲಾಗದು. ತಪ್ಪಿದ ಮೇಲೆ, ಬಸಿರು ಪರೀಕ್ಷೆಯ ಒಂದು ಕಿಟ್ ಕೈಯಲ್ಲಿದ್ದರೆ, ಲಕ್ಷಣಗಳ ಗೊಡವೆಯೇ ಬೇಡ. ನಿಜವಾಗಿ ಬೇಕಾದದ್ದು ತಾರೀಕು. ಸರಗೂರು, ಸಾಲಿಗ್ರಾಮ ಈಗ ಬೇರೆ ತಾಲ್ಲೂಕುಗಳಾಗಿದ್ದರೂ ಹೊಲದ ಬದುಕು ಒಂದೇ ಆಗಿರುವ ಈ ಸೀಮೆಯಲ್ಲಿ ತಾರೀಕನ್ನು ಕೆಡಿಸುವ ಸಂಗತಿಗಳೂ ಲಕ್ಷಣಗಳನ್ನು ನಕಲು ಮಾಡುವ ಸಂಗತಿಗಳೂ ಬೇಕಾದಷ್ಟಿವೆ.

ಗೊಂದಲದ ಬೇರು ಒಂದು ಹಾರ್ಮೋನಿನಲ್ಲಿದೆ. ಚಕ್ರದ ನಡುವೆ ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಆ ಜಾಗ ಒಂದು ಹಳದಿ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಸುರಿಸತೊಡಗುತ್ತದೆ. ಗರ್ಭ ಕಟ್ಟಿತೋ ಇಲ್ಲವೋ ಎಂಬುದು ಆ ಗಂಟಿಗೆ ಗೊತ್ತಿರುವುದಿಲ್ಲ. ಸುಮಾರು ಎರಡು ವಾರ ಅದು ತನ್ನ ಕೆಲಸ ತಾನು ಮಾಡುತ್ತದೆ. ಎದೆ ಭಾರವಾಗುವುದು, ಹೊಟ್ಟೆ ಉಬ್ಬರ, ಮಲಬದ್ಧತೆ, ಮಧ್ಯಾಹ್ನವೇ ಕಣ್ಣೆಳೆಯುವ ನಿದ್ದೆ, ಕಾರಣವಿಲ್ಲದ ಅಳು, ಸಿಡುಕು ಎಲ್ಲಕ್ಕೂ ಹಿಂದೆ ಹೆಚ್ಚುಕಡಿಮೆ ಆ ರಸದ ಏರಿಳಿತವೇ ಇದೆ. ಗರ್ಭ ಕಟ್ಟದಿದ್ದರೆ ಗಂಟು ಒಣಗಿ, ರಸ ಇಳಿದು, ಮುಟ್ಟು ಬರುತ್ತದೆ. ಕಟ್ಟಿದರೆ ಭ್ರೂಣದಿಂದ ಎಚ್‌ಸಿಜಿ ಎಂಬ ಮತ್ತೊಂದು ರಸ ಹೊರಟು ಗಂಟನ್ನು ಬದುಕಿಸಿಕೊಳ್ಳುತ್ತದೆ. ಅಂದರೆ ಮೊದಲ ದಿನಗಳ ಬಸಿರು ಮೈಗೆ ಹೊಸದೇನನ್ನೂ ತರುವುದಿಲ್ಲ. ಮುಟ್ಟಿನ ಮುಂಚಿನ ದಿನಗಳನ್ನೇ ಮುಂದುವರಿಸುತ್ತದೆ. ಎರಡು ಮಕ್ಕಳನ್ನು ಹೆತ್ತ ಅನುಭವಿಗೂ 'ಇದು ಅದೇ' ಎಂದು ಹೇಳಲಾಗದಿರುವುದಕ್ಕೆ ಇದೇ ಕಾರಣ.

ಎಚ್‌ಸಿಜಿ ಎಂದಿನಿಂದ ಹೊರಡುತ್ತದೆ ಎಂಬುದನ್ನು ಎಣಿಸಿ ತೋರಿಸಿದ್ದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು. ಮಗು ಬೇಕೆಂದು ನಿಶ್ಚಯಿಸಿದ್ದ 221 ಮಹಿಳೆಯರು 1980ರ ದಶಕದಲ್ಲಿ ತಿಂಗಳುಗಟ್ಟಲೆ ದಿನಾ ಬೆಳಗಿನ ಮೂತ್ರವನ್ನು ಶೇಖರಿಸಿ ಕೊಟ್ಟರು. ಅಂಡ ಹೊರಬಿದ್ದ ಮೇಲೆ 6ರಿಂದ 12 ದಿನಗಳ ನಡುವೆ ಭ್ರೂಣ ಗರ್ಭಕೋಶದ ಗೋಡೆಗೆ ನಾಟಿಕೊಂಡು ಈ ರಸ ಹೊರಡಿಸತೊಡಗುತ್ತದೆ, ನೂರರಲ್ಲಿ 84 ಮಂದಿಗೆ 8ರಿಂದ 10ನೆಯ ದಿನದೊಳಗೆ, ಎಂದು ಅದರಿಂದ ತಿಳಿಯಿತು. ಮುಟ್ಟು ಬರಬೇಕಾದ ದಿನಕ್ಕೆ ಆಗ ಉಳಿದಿರುವುದು ನಾಲ್ಕೈದೇ ದಿನ. ಅದೇ ಗುಂಪಿನ ಇನ್ನೊಂದು ವರದಿ, 2002ರದು, ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಮುಂದೆ ಹೆರಿಗೆಯಾದವರಲ್ಲಿ ಅರ್ಧದಷ್ಟು ಮಂದಿಗೆ ಬಸಿರಿನ ಲಕ್ಷಣ ಶುರುವಾದದ್ದು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 36ನೆಯ ದಿನದ ಹೊತ್ತಿಗೆ. ಅಂದರೆ ತಿಂಗಳು ತಪ್ಪಿ ವಾರವಾದ ಮೇಲೆ. ಉಳಿದರ್ಧ ಮಂದಿಗೆ ಅಷ್ಟು ಹೊತ್ತಿಗೂ ಏನೂ ಅನಿಸಿರಲಿಲ್ಲ.

ಆ ಮೂತ್ರದ ಸೀಸೆಗಳಿಂದ ಮತ್ತೊಂದು ಸಂಗತಿಯೂ ಹೊರಬಂತು. ನಾಟಿಕೊಂಡ ಗರ್ಭಗಳಲ್ಲಿ ನೂರಕ್ಕೆ 31 ನಿಲ್ಲಲಿಲ್ಲ. ಅವುಗಳಲ್ಲಿ 22 ಯಾರ ಗಮನಕ್ಕೂ ಬಾರದಷ್ಟು ಬೇಗ ಕಳೆದುಹೋದವು. ನಾಲ್ಕು ದಿನ ತಡವಾಗಿ, ಸ್ವಲ್ಪ ಜಾಸ್ತಿ ಹೋದ ಮುಟ್ಟು ಎಂದು ನಾವು ಮರೆಯುವ ಕೆಲವು ತಿಂಗಳುಗಳು ಇಂಥವು. ಹೆಚ್ಚಿನವು ಭ್ರೂಣದ ವರ್ಣತಂತುಗಳಲ್ಲೇ ಇರುವ ಎಡವಟ್ಟಿನಿಂದ ಆಗುವಂಥವು. ಬಿಂದಿಗೆ ಹೊತ್ತಳು, ಪರಂಗಿಹಣ್ಣು ತಿಂದಳು ಎಂದು ಸೊಸೆಯ ಮೇಲೆ ಹೊರೆ ಹಾಕುವ ಅತ್ತೆಯಂದಿರಿಗೆ ಇದನ್ನು ಒಮ್ಮೆ ಓದಿ ಹೇಳಬೇಕು.

ಇನ್ನು ಲಕ್ಷಣಗಳನ್ನು ಒಂದೊಂದಾಗಿ ನೋಡಬಹುದು. ಎಲ್ಲಕ್ಕೂ ಒಂದೇ ತೂಕವಿಲ್ಲ. ಸುಸ್ತು, ಬಿಳಿ ಸೆರಗು, ಮೂಡ್ ಕೆಡುವುದು ಎರಡೂ ಕಡೆ ಇರುವುದರಿಂದ ಬಿಟ್ಟುಬಿಡಿ. ಸುಶ್ರುತ ಸಂಹಿತೆ ಗರ್ಭ ನಿಂತ ಹೊಸತರ ಗುರುತುಗಳಲ್ಲಿ ಆಯಾಸ, ಬಾಯಾರಿಕೆ, ತೊಡೆ ಸೋಲುವುದನ್ನು ಹೇಳುತ್ತದೆ. ನಾಟಿ ಗದ್ದೆಯಲ್ಲಿ ಬಗ್ಗಿ ದುಡಿಯುವ ಕೆ.ಆರ್. ನಗರದ ಯಾವ ಹೆಂಗಸಿಗೆ ಸಂಜೆ ಈ ಮೂರೂ ಇಲ್ಲ? ಎದೆಯ ಬಿಗಿತ ತುಸು ಕೆಲಸಕ್ಕೆ ಬರುತ್ತದೆ, ಆದರೆ ಹಿಂದಿರುಗಿ ನೋಡುವಾಗ ಮಾತ್ರ. ಮುಟ್ಟಿನದಾದರೆ ರಕ್ತ ಕಂಡ ಒಂದೆರಡು ದಿನಕ್ಕೆ ಸಡಿಲವಾಗುತ್ತದೆ, ಬಸಿರಿನದಾದರೆ ಉಳಿದು ಬೆಳೆಯುತ್ತದೆ. ತೊಟ್ಟಿನ ಸುತ್ತ ಕಪ್ಪಾಗುವುದು, ನರ ಕಾಣುವುದು ಇನ್ನೂ ವಾರಗಳಾದ ಮೇಲೆ. ಕಿಬ್ಬೊಟ್ಟೆಯ ಎಳೆತ ಎರಡಕ್ಕೂ ಸೇರಿದ್ದು. ಮಣ್ಣು, ಸುಣ್ಣದ ಕಡ್ಡಿ, ಹಸಿ ಅಕ್ಕಿ ತಿನ್ನುವ ಆಸೆಯನ್ನು ಬಯಕೆ ಎಂದು ಮುದ್ದಿನಿಂದ ನೋಡುವುದುಂಟು. ಬಸಿರಿರಲಿ ಇಲ್ಲದಿರಲಿ, ರಕ್ತದಲ್ಲಿ ಕಬ್ಬಿಣ ಕಡಿಮೆಯಾದವರಲ್ಲಿ ಕಾಣುವ ಚಟ ಅದು.

ಹೆಚ್ಚು ಮೋಸ ಮಾಡುವುದು ರಕ್ತ. ಗರ್ಭ ನಾಟಿಕೊಳ್ಳುವಾಗ ಒಂದೆರಡು ಹನಿ ಕಾಣುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ವಿಲ್ಕಾಕ್ಸ್ ಬಳಗವೇ 2003ರಲ್ಲಿ ಅದನ್ನು ಪರೀಕ್ಷಿಸಿತು. 151 ಗರ್ಭಿಣಿಯರಲ್ಲಿ ಮೊದಲ ಎಂಟು ವಾರಗಳೊಳಗೆ ರಕ್ತ ಕಂಡದ್ದು 14 ಮಂದಿಗೆ, ಅದೂ ನಾಟಿಕೊಂಡ ದಿನದಂದು ತೀರಾ ಅಪರೂಪ. ಬಹುಮಟ್ಟಿಗೆ ಮುಟ್ಟು ಬರಬೇಕಾಗಿದ್ದ ದಿನಗಳ ಆಸುಪಾಸಿನಲ್ಲಿ. ತೊಂದರೆ ಇರುವುದೇ ಇಲ್ಲಿ. ಹೊತ್ತಿಗೆ ಸರಿಯಾಗಿ ಚೂರು ಕಲೆ ಕಂಡವಳು ಮುಟ್ಟಾಯಿತೆಂದು ನೆಮ್ಮದಿಯಾಗುತ್ತಾಳೆ. ಮುಂದಿನ ತಿಂಗಳು ನಿಂತಾಗ ಅಲ್ಲಿಂದ ಎಣಿಸುತ್ತಾಳೆ, ತಾಯಿ ಕಾರ್ಡಿನಲ್ಲಿ ಒಂದು ತಿಂಗಳ ತಪ್ಪು ಲೆಕ್ಕ ಕೂರುತ್ತದೆ, ಹೆರಿಗೆ ದಿನ ಏರುಪೇರಾಗುತ್ತದೆ. ಎಂದಿನ ಮುಟ್ಟಿಗಿಂತ ಕಡಿಮೆ, ಗಡ್ಡೆಯಿಲ್ಲದ, ದಿನವೆರಡರಲ್ಲಿ ನಿಂತ ರಕ್ತವನ್ನು ಮುಟ್ಟೆಂದು ಬರೆದುಕೊಳ್ಳದೆ ವಾರ ಬಿಟ್ಟು ಪರೀಕ್ಷೆ ಮಾಡಿಕೊಳ್ಳುವುದು ಸರಿ.

ವಾಂತಿಗೆ ಬರೋಣ. ಸಿನಿಮಾದಲ್ಲಿ ನಾಯಕಿ ಬಾಯಿಗೆ ಸೆರಗು ಹಿಡಿದು ಓಡಿದರೆ ಸಾಕು, ಅಜ್ಜಿಗೆ ಗೊತ್ತಾಗುತ್ತದೆ. ನಿಜದಲ್ಲಿ ಬಸಿರಿನ ಓಕರಿಕೆ ಸಾಮಾನ್ಯವಾಗಿ ಶುರುವಾಗುವುದು ಐದು-ಆರನೆಯ ವಾರದಲ್ಲಿ, ಬಲವಾಗುವುದು ಒಂಬತ್ತರ ಸುಮಾರಿಗೆ. ಕಾರಣ ಬಹಳ ಕಾಲ ಸ್ಪಷ್ಟವಿರಲಿಲ್ಲ. ಗರ್ಭದ ಕಡೆಯಿಂದ ತಾಯಿಯ ರಕ್ತಕ್ಕೆ ಇಳಿಯುವ ಜಿಡಿಎಫ್15 ಎಂಬ ಹಾರ್ಮೋನಿಗೂ ಇದಕ್ಕೂ ನಂಟಿದೆಯೆಂದು 2023ರ ಕೊನೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೀಗಾಗಿ ದಿನ ತಪ್ಪುವ ಮುಂಚೆಯೇ ಜೋರು ವಾಂತಿಯಾದರೆ ಬಸಿರಿಗಿಂತ ಬೇರೆ ಕಾರಣ ಹುಡುಕುವುದು ಲೇಸು. ಈ ಸೀಮೆಯಲ್ಲಿ ಮಳೆಗಾಲದ ಮೊದಲ ಅನುಮಾನ ಹೊಗೆಸೊಪ್ಪಿನ ಮೇಲೆ ಹೋಗಬೇಕು.

ರಾಜ್ಯದ ವರ್ಜೀನಿಯಾ ತಂಬಾಕಿನ ಬಹುಪಾಲು ಬೆಳೆಯುವುದು ಈ ತಾಲ್ಲೂಕುಗಳಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ದರ ಪತ್ರಿಕೆಯಲ್ಲಿ ಬರುತ್ತದೆ. ಎಲೆ ಬಿಡಿಸಿ, ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್‌ಗೆ ಏರಿಸುವವರ ಮೈಗೆ ಏನಾಗುತ್ತದೆ ಎಂಬುದು ಬರುವುದಿಲ್ಲ. ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಮಳೆ ಹನಿಯೋ ಇಬ್ಬನಿಯೋ ಕೂತ ಎಲೆಯನ್ನು ಬರಿಗೈಯಲ್ಲಿ ಕಿತ್ತು ಕಂಕುಳಲ್ಲಿ ಅವುಚಿಕೊಂಡು ಹೊತ್ತಾಗ ಅದು ಒದ್ದೆ ಬಟ್ಟೆಯ ಮೂಲಕ ಚರ್ಮಕ್ಕೆ ಇಳಿಯುತ್ತದೆ. ತಲೆಸುತ್ತು, ತಲೆನೋವು, ಓಕರಿಕೆ, ವಾಂತಿ, ಹೊಟ್ಟೆ ಹಿಂಡುವುದು, ನಿಶ್ಶಕ್ತಿ. 1970ರಲ್ಲಿ ಫ್ಲೋರಿಡಾದ ವೈದ್ಯರು ಇದನ್ನು ಮೊದಲು ವರದಿ ಮಾಡಿದರು. ಹಸಿ ತಂಬಾಕಿನ ಕಾಯಿಲೆ ಎಂಬ ಅರ್ಥದ ಹೆಸರು ನೆಲೆಯಾದದ್ದು 1974ರ ವರದಿಯಿಂದ, ಅದೂ ನಾರ್ತ್ ಕೆರೊಲಿನಾದಿಂದಲೇ. ಬಸಿರಿನ ದಿನಗಳನ್ನು ಅಷ್ಟು ಕರಾರುವಾಕ್ಕಾಗಿ ಎಣಿಸಿದ ಸೀಮೆಯೂ ತಂಬಾಕಿನ ಸೀಮೆ ಎಂಬುದು ಕಾಕತಾಳೀಯ, ಆದರೆ ನಮಗೆ ಉಪಯೋಗದ ಕಾಕತಾಳೀಯ.

ಈ ಕಾಯಿಲೆ ಬಸಿರಿನ ವೇಷ ಹಾಕುವುದು ಹೊತ್ತಿನ ವಿಷಯದಲ್ಲಿ. ಎಲೆ ಮುಟ್ಟಿದ ತಕ್ಷಣ ಬರುವುದಕ್ಕಿಂತ ಎಷ್ಟೋ ಗಂಟೆ ಬಿಟ್ಟು ಬರುವುದೇ ಹೆಚ್ಚು. ಹಗಲೆಲ್ಲ ದುಡಿದವಳಿಗೆ ರಾತ್ರಿಯೋ ಮಾರನೆಯ ಬೆಳಗಿನ ಜಾವವೋ ಹೊಟ್ಟೆ ತೊಳಸುತ್ತದೆ. ಬೆಳಗಿನ ವಾಂತಿ ಅಂದ ಕೂಡಲೇ ಮನೆಯವರ ಮನಸ್ಸು ಎಲ್ಲಿಗೆ ಓಡುತ್ತದೆಂದು ಹೇಳಬೇಕಿಲ್ಲ. ಬೀಡಿ ಸೇದುವ, ಹೊಗೆಸೊಪ್ಪು ಜಗಿಯುವವರ ಮೈಗೆ ನಿಕೋಟಿನ್ ಒಗ್ಗಿಹೋಗಿರುವುದರಿಂದ ಅವರಿಗೆ ಇದು ಕಡಿಮೆ. ಒಂದೇ ಹೊಲದಲ್ಲಿ ಗಂಡಸರು ಗಟ್ಟಿಯಾಗಿದ್ದು ಹೆಂಗಸರು ಮಾತ್ರ ಸುಸ್ತಾಗುವುದಕ್ಕೆ ಇದೂ ಒಂದು ಕಾರಣ. ಗುರುತು ಹಿಡಿಯುವ ದಾರಿ ಸರಳ: ಎಲೆ ಬಿಡಿಸಿದ ದಿನಗಳ ಬೆನ್ನಿಗೆ ಬಂದು, ಹೊಲಕ್ಕೆ ಹೋಗದೆ ಒಂದೆರಡು ದಿನ ಮನೆಯಲ್ಲಿದ್ದಾಗ ಇಳಿದರೆ ಅದು ಸೊಪ್ಪಿನದು. ಬಸಿರಿನ ಓಕರಿಕೆ ಭಾನುವಾರ ನೋಡುವುದಿಲ್ಲ. ಹಾಗೆಂದು ಸೊಪ್ಪಿನದೇ ಎಂದು ಸುಮ್ಮನಾಗುವುದು ಅಪಾಯ. ಎರಡೂ ಒಟ್ಟಿಗೆ ಇರಬಹುದು. ನಿಕೋಟಿನ್ ಮಾಸನ್ನು ದಾಟಿ ಮಗುವಿನವರೆಗೂ ಹೋಗುವುದರಿಂದ, ತಿಂಗಳು ತಪ್ಪಿದ ಹೆಣ್ಣುಮಗಳು ಪರೀಕ್ಷೆಯಾಗುವವರೆಗಾದರೂ ಒದ್ದೆ ಎಲೆಯಿಂದ ದೂರವಿರಬೇಕು. ಕೈಗವಸು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಒದ್ದೆ ಬಟ್ಟೆ ಬದಲಿಸುವುದು, ಸೋಪು ಹಾಕಿ ತೊಳೆಯುವುದು ಉಳಿದವರಿಗೂ ಬೇಕು. ಆಳು ಸಿಗದ ಸುಗ್ಗಿಯಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಎಂಬುದೂ ಗೊತ್ತಿರುವುದೇ.

ರಕ್ತಹೀನತೆಯ ಬಗ್ಗೆ ಎರಡೇ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ಅದಿದೆ. ಕಣ್ಣು ಕತ್ತಲೆ ಬರುವುದು, ಏದುಸಿರು, ಸುಸ್ತು ಅದರಿಂದಲೂ ಬರುತ್ತವೆ. ಎಚ್.ಡಿ. ಕೋಟೆ, ಹುಣಸೂರಿನ ಬುಡಕಟ್ಟು ಹಾಡಿಗಳ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತದ ತೊಂದರೆಯ ತಪಾಸಣೆಯನ್ನೂ ಜೊತೆಗೆ ಮಾಡಿಸಬೇಕು.

ತಾರೀಕಿನ ಗೊಂದಲ ಇದಕ್ಕಿಂತ ದೊಡ್ಡದು. ಗೋಡೆಗೆ ತೂಗುಹಾಕಿದ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಸಣ್ಣ ಚುಕ್ಕೆ ಇಟ್ಟುಕೊಳ್ಳುವ ಹೆಂಗಸರಿದ್ದಾರೆ. ಯಾವ ಆ್ಯಪಿಗೂ ಕಡಿಮೆಯಿಲ್ಲದ ವಿಧಾನ ಅದು. ಅಮಾವಾಸ್ಯೆಗೆ ಎರಡು ದಿನ ಮುಂಚೆ, ಗೌರಿ ಹಬ್ಬದ ಹಿಂದಿನ ವಾರ ಎಂದು ನೆನಪಿಟ್ಟುಕೊಳ್ಳುವುದೂ ಕೆಟ್ಟ ಲೆಕ್ಕವಲ್ಲ. ಕೆಡುವುದು 28 ದಿನ ಎಂಬ ನಂಬಿಕೆಯಿಂದ. ಆರು ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಅಳೆದ 2019ರ ಒಂದು ಅಧ್ಯಯನದಲ್ಲಿ ಸರಾಸರಿ ಬಂದದ್ದು 29.3 ದಿನ. ಅದಕ್ಕಿಂತ ಮುಖ್ಯವಾಗಿ, ಏರುಪೇರಾಗುವುದು ಬಹುತೇಕ ಚಕ್ರದ ಮೊದಲರ್ಧ. ಜ್ವರ, ಉಪವಾಸ, ಮನೆಯಲ್ಲೊಂದು ಸಾವು, ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಲೈನ್ ಮನೆಯಲ್ಲಿ ಕಳೆದ ದಿನಗಳು ಅಂಡ ಬಿಡುವುದನ್ನೇ ಹಿಂದಕ್ಕೆ ತಳ್ಳಬಹುದು. ಮುಟ್ಟು ಅಂಡದ ಹಿಂದೆ ಸುಮಾರು ಎರಡು ವಾರಕ್ಕೆ ತಾನಾಗಿ ಬರುತ್ತದೆ.

ಇದರ ಮೇಲೆ ಮಾತ್ರೆಗಳು. ಚುಂಚನಕಟ್ಟೆ ಜಾತ್ರೆಗೋ ಊರ ಮಾರಿಹಬ್ಬಕ್ಕೋ ತಂಗಿಯ ಮದುವೆಗೋ ಡೇಟ್ ಮುಂದಕ್ಕೆ ಹಾಕಲು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ನಾರೆಥಿಸ್ಟರಾನ್ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗಬೇಕು. ವಾರವಾದರೂ ಆಗದಿದ್ದರೆ 'ಮಾತ್ರೆಯಿಂದ ತಡವಾಯ್ತು' ಎನ್ನದೆ ಪರೀಕ್ಷಿಸಬೇಕು. ತುರ್ತು ಗರ್ಭನಿರೋಧಕ ಮಾತ್ರೆಯಿಂದ ಮುಂದಿನ ಮುಟ್ಟು ವಾರ ಮುಂಚೆಯೂ ಬರಬಹುದು, ವಾರ ತಡವಾಗಿಯೂ ಬರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಅಂತರಾ ಗರ್ಭನಿರೋಧಕ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆಯದು. ತಪ್ಪದೆ ಹಾಕಿಸಿಕೊಳ್ಳುವವರಿಗೆ ಮುಟ್ಟು ನಿಲ್ಲುವುದು ಅದರ ಸ್ವಭಾವ, ಬಸಿರಲ್ಲ. ಅದೇ ಉದ್ದೇಶದ ಛಾಯಾ ಮಾತ್ರೆಯಲ್ಲೂ ಚಕ್ರ ಉದ್ದವಾಗುತ್ತದೆ. ಬಾಣಂತಿಗೆ ಮುಟ್ಟು ಮರಳುವ ಮುನ್ನವೇ ಅಂಡ ಬಿಡಬಹುದಾದ್ದರಿಂದ, ಹಾಲು ಕುಡಿಸುವಾಗ ಬಸಿರಾಗುವುದಿಲ್ಲ ಎಂದು ಆರು ತಿಂಗಳ ಮೇಲೂ ನೆಚ್ಚಿಕೊಂಡವರು ಎಷ್ಟೋ ಸಲ ನಾಲ್ಕನೆಯ ತಿಂಗಳಲ್ಲಿ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬೀಳುತ್ತಾರೆ.

ಹಾಗಾದರೆ ಕಿಟ್. ಬರ್ಲಿನ್‌ನ ಆಶ್‌ಹೈಮ್ ಮತ್ತು ಝೊಂಡೆಕ್ 1920ರ ದಶಕದ ಕೊನೆಗೆ ಹೆಂಗಸಿನ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಅವುಗಳ ಅಂಡಾಶಯ ಕುಯ್ದು ನೋಡಿ ಬಸಿರು ಹೇಳುತ್ತಿದ್ದರು. ಎಚ್‌ಸಿಜಿಯನ್ನು ಅದರ ಸೋದರ ಹಾರ್ಮೋನುಗಳಿಂದ ಬೇರ್ಪಡಿಸಿ ಅಳೆಯುವ ವಿಧಾನ ಬಂದದ್ದು 1972ರಲ್ಲಿ. ಅದರ ಮರಿಮೊಮ್ಮಗಳಂತಿರುವ ಪಟ್ಟಿ ಇಂದು ನಿಶ್ಚಯ್ ಎಂಬ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ, ದುಡ್ಡಿಲ್ಲದೆ ಸಿಗುತ್ತದೆ. ಮುಟ್ಟು ಬರಬೇಕಾದ ದಿನ ದಾಟಿದ ಮೇಲೆ, ಬೆಳಗಿನ ಮೊದಲ ಮೂತ್ರ, ಎರಡು ಮೂರು ಹನಿ, ಐದು ನಿಮಿಷ. ಎರಡನೆಯ ಗೆರೆ ಎಷ್ಟೇ ತೆಳುವಾಗಿದ್ದರೂ ಗೆರೆಯೇ. ಅರ್ಧ ಗಂಟೆ ಬಿಟ್ಟು ಮೂಡಿದ್ದು ಲೆಕ್ಕಕ್ಕಿಲ್ಲ. ಒಂದೇ ಗೆರೆ ಬಂದು ಮುಟ್ಟೂ ಬರದಿದ್ದರೆ ವಾರ ಬಿಟ್ಟು ಮತ್ತೆ ನೋಡಬೇಕು, ಏಕೆಂದರೆ ಮೊದಲ ದಿನಗಳಲ್ಲಿ ಈ ರಸ ಸುಮಾರು ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಇಂದು ಸಿಗದ್ದು ವಾರಕ್ಕೆ ಸಿಗುತ್ತದೆ. ಇತ್ತೀಚೆಗೆ ಗರ್ಭ ಹೋದವರಲ್ಲಿ ಕೆಲವು ವಾರ ಎರಡು ಗೆರೆ ಬರುತ್ತಲೇ ಇರಬಹುದು. ಸಕ್ಕರೆ, ಉಪ್ಪು, ಟೂತ್‌ಪೇಸ್ಟ್ ಹಾಕಿ ನೊರೆ ನೋಡುವ ಪರೀಕ್ಷೆಗಳಿಂದ ಸಕ್ಕರೆ ದಂಡ.

ಇಡೀ ವಿಷಯದಲ್ಲಿ ಜೀವಕ್ಕೆ ಸಂಬಂಧಿಸಿದ ಭಾಗ ಒಂದಿದೆ, ಅದು ಆಪರೇಷನ್ ಆದವರದು. ಕರ್ನಾಟಕದಲ್ಲಿ ಗಂಡಹೆಂಡಿರು ಅನುಸರಿಸುವ ಗರ್ಭನಿಯಂತ್ರಣವೆಂದರೆ ಬಹುತೇಕ ಹೆಂಗಸಿನ ಶಸ್ತ್ರಚಿಕಿತ್ಸೆಯೇ. ಅದಾದ ಮೇಲೆ ಬಸಿರಿನ ಯೋಚನೆಯನ್ನೇ ಮನೆಯವರು ಕೈಬಿಡುತ್ತಾರೆ, ಕೆಲವೊಮ್ಮೆ ವೈದ್ಯರೂ. ಅಮೆರಿಕದ ದೊಡ್ಡ ಅಧ್ಯಯನವೊಂದು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ ಸಾವಿರಕ್ಕೆ ಸುಮಾರು 18 ಮಂದಿ ಮತ್ತೆ ಗರ್ಭಿಣಿಯರಾಗಿದ್ದರು, ಆ ಗರ್ಭಗಳಲ್ಲಿ ಮೂರರಲ್ಲೊಂದು ಗರ್ಭಕೋಶದ ಹೊರಗೆ, ಹೆಚ್ಚಾಗಿ ನಾಳದಲ್ಲಿ, ಬೆಳೆದಿತ್ತು. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಅದಕ್ಕೂ ಮುಂಚೆ ಕಾಣುವುದು ಏನು? ದಿನ ತಪ್ಪಿರುವುದು, ಬಿಟ್ಟು ಬಿಟ್ಟು ಕಲೆ ಕಾಣುವುದು, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು. ಮುಟ್ಟಿನ ಏರುಪೇರು ಎಂದು ತಳ್ಳಿಹಾಕುವುದಕ್ಕೆ ಹೇಳಿಮಾಡಿಸಿದಂತೆ! ಭುಜದ ತುದಿಯಲ್ಲಿ ನೋವು, ಬೆವರು, ಎಚ್ಚರ ತಪ್ಪುವುದು ಬಂದಾಗ ಹೊತ್ತು ಮೀರಿರುತ್ತದೆ. ಆಪರೇಷನ್ ಆಗಿರಲಿ, ಕಾಪರ್-ಟಿ ಇರಲಿ, ಮುಟ್ಟು ತಡವಾಗಿ ಹೊಟ್ಟೆನೋವು ಬಂದವಳಿಗೆ ಮೊದಲು ಮೂತ್ರ ಪರೀಕ್ಷೆಯಾಗಬೇಕು. ಎರಡು ಗೆರೆ ಬಂದರೆ ಅಂದೇ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ. ಅಂತರಸಂತೆಯ ಆಚೆಯ ಹಾಡಿಯಿಂದ ಹೊರಟವರಿಗೆ ಕೋಟೆಯೋ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೋ, ಮೈಸೂರಿನ ಚೆಲುವಾಂಬವೋ ಎಂಬ ಚರ್ಚೆಯಲ್ಲಿ ಕಳೆಯುವ ಸಮಯವೂ ಲೆಕ್ಕಕ್ಕೆ ಬರುತ್ತದೆ. 108ಕ್ಕೆ ಮೊದಲು ಫೋನ್ ಮಾಡಿ, ಆಮೇಲೆ ಚರ್ಚಿಸಬಹುದು.

ಬೇಗ ತಿಳಿಯುವುದರಿಂದ ಆಗುವ ಲಾಭ ಬಸಿರನ್ನು ಉಳಿಸಿಕೊಳ್ಳುವವರಿಗೂ ಬೇಡವೆನ್ನುವವರಿಗೂ ಇದೆ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚುವುದು ಕೊನೆಯ ಮುಟ್ಟಿನಿಂದ ಆರನೆಯ ವಾರದ ಹೊತ್ತಿಗೆ. ಫೋಲಿಕ್ ಆಮ್ಲ ಅಷ್ಟರೊಳಗೆ ಹೊಟ್ಟೆ ಸೇರಿರಬೇಕು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಮೊದಲು ಪ್ರಯೋಗವಾಗಿ ನಡೆದ ತಾಲ್ಲೂಕುಗಳಲ್ಲಿ ಎಚ್.ಡಿ. ಕೋಟೆಯೂ ಒಂದು; ಊಟ ಶುರುವಾಗುವುದು ಹೆಸರು ಬರೆಸಿದ ಮೇಲೆ. ಬೇಡವೆನ್ನುವವರಿಗೆ 1971ರ ಗರ್ಭಪಾತದ ಕಾಯ್ದೆ 2021ರಲ್ಲಿ ತಿದ್ದುಪಡಿಯಾಗಿ ದಾರಿ ಅಗಲವಾಗಿದೆ: 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ವಯಸ್ಸಿಗೆ ಬಂದವಳಿಗೆ ಗಂಡನ ಸಹಿ ಬೇಕಿಲ್ಲ, ಮದುವೆಯಾಗದವಳಿಗೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಮಾತ್ರೆಯಿಂದ ಮುಗಿಸಬಹುದಾದದ್ದು ಒಂಬತ್ತು ವಾರದವರೆಗೆ, ಅದೂ ವೈದ್ಯರ ಕೈಕೆಳಗೆ. ಅಂಗಡಿಯಿಂದ ಗುಟ್ಟಾಗಿ ತಂದು ನುಂಗಿದ ಮಾತ್ರೆ ನಾಳದಲ್ಲಿರುವ ಗರ್ಭಕ್ಕೆ ನಾಟುವುದಿಲ್ಲ. ರಕ್ತ ಹೋಗುತ್ತದೆ, ಎಲ್ಲ ಮುಗಿಯಿತೆಂದು ಅವಳು ಅಂದುಕೊಳ್ಳುತ್ತಾಳೆ.

ಗುಟ್ಟು ಎಂಬುದೇ ಇಲ್ಲಿನ ಕೊನೆಯ ಅಡ್ಡಿ. ಹೋಬಳಿ ಕೇಂದ್ರದ ಮೆಡಿಕಲ್ ಶಾಪಿನವನು ಅಪ್ಪನ ಸ್ನೇಹಿತ. ಆಶಾ ಅಕ್ಕ ದೂರದ ನೆಂಟಳು, ಇಲ್ಲವೇ ಅತ್ತೆಯ ಜೊತೆ ಸಂಘದಲ್ಲಿರುವವಳು. ಕಾಲೇಜು ಹುಡುಗಿಯರು ಮೈಸೂರಿಗೆ ಬಸ್ಸು ಹತ್ತಿ ಕಿಟ್ ಕೊಳ್ಳುವುದು ಇದಕ್ಕೇ. 1930ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭನಿಯಂತ್ರಣ ಚಿಕಿತ್ಸಾಲಯ ತೆರೆಯುವ ಧೈರ್ಯ ಮಾಡಿದ ಮೈಸೂರು ಸಂಸ್ಥಾನದ ಸೀಮೆ ಇದು. ಉಪಕೇಂದ್ರದ ಶೌಚಾಲಯದ ಬಾಗಿಲ ಪಕ್ಕ ಒಂದು ಡಬ್ಬಿಯಲ್ಲಿ, ಹೆಸರು ಬರೆಸಿಕೊಳ್ಳದೆ, ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ನಿಶ್ಚಯ್ ಕಿಟ್‌ಗಳನ್ನು ಇಡುವುದಕ್ಕೆ ಹೊಸ ಯೋಜನೆಯೂ ಬೇಡ, ದೊಡ್ಡ ಅನುದಾನವೂ ಬೇಡ. ಎಲೆ ಬಿಡಿಸುವ ತಿಂಗಳುಗಳಲ್ಲಿ ಆ ಡಬ್ಬಿಯ ಮೇಲೆ ಹಸಿ ಸೊಪ್ಪಿನ ಬಗ್ಗೆಯೂ ನಾಲ್ಕು ಸಾಲು ಅಂಟಿಸಬಹುದು.